ಹಸ್ತಾಕ್ಷರದ ಬೆಲೆ



ಮನೆಯ ಅಟ್ಟದ ಮೇಲೆ ಬಿದ್ದಿರುವ ಹಳೆಯ ಕಾಗದಪತ್ರಗಳಲ್ಲಿ ಯಾವುದನ್ನು ಇಟ್ಟುಕೊಳ್ಳತಕ್ಕದ್ದು, ಯಾವುದನ್ನು ಒಲೆಗೆ ಹಾಕತಕ್ಕದ್ದು ಎಂಬ ವಿಚಾರವನ್ನು ಈ ಸಲ ಬರೆಯುವೆನೆಂದು ಕಳೆದ ತಿಂಗಳು ಮಾತು ಕೊಟ್ಟಿದ್ದೆನಷ್ಟೆ. ಕ್ರಯಪತ್ರ, ಜಾತಕ, ಕಂದಾಯದ ರಸೀತಿ ಇವುಗಳನ್ನು ಕುರಿತು ಬರೆಯಬೇಕೆಂದು ಲೇಖನಿಯನ್ನು ಹಿಡಿದಿದ್ದೆನು. ಅಷ್ಟರಲ್ಲಿ ನಾನು ಎಣಿಸದಿದ್ದ ಒಂದು ಕಾಗದವು ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬಂದಿತು. ಆದಕಾರಣ ಕ್ರಯಪತ್ರವು ಇನ್ನೊಂದು ತಿಂಗಳು ಕಾಯಲಿ.

ಹದಿನೈದು ದಿನಗಳ ಕೆಳಗೆ ಹೊಳೆನರಸೀಪುರದಿಂದ ಒಬ್ಬ ತಾಯಿಯು ತಮ್ಮ ಮಗಳೊಡನೆ ಹಾಸನದ ನಮ್ಮ ಮನೆಗೆ ಬಂದರು. ಆಕೆಯ ಪತಿಯು ನಾನು ಅರಕಲಗೂಡಿನಲ್ಲಿ ಸಂಸ್ಕೃತೋಪಾಧ್ಯಾಯನಾಗಿದ್ದ ಕಾಲದಲ್ಲಿ ನನ್ನ ಶಿಷ್ಯನಾಗಿದ್ದವನು. ಎರಡು ವರ್ಷಗಳ ಹಿಂದೆ, ನಲವತ್ತೆರಡನೆಯ ವಯಸ್ಸಿನಲ್ಲಿಯೇ, ಕಾಲವಶನಾದನು. ಸಣ್ಣದೊಂದು ಅಂಗಡಿಯ ವರಮಾನದಿಂದ ಆ ಸಂಸಾರವು ನಡೆಯುತ್ತಿರುವುದು. ಮಗಳು ದ್ವಿತೀಯ ಪಿ. ಯು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ಇಂಜಿನಿಯರಿಂಗ್ ಓದಬೇಕೆಂದಿದ್ದಾಳೆ. ಮೊದಲನೆಯ ವರ್ಷದ ಶುಲ್ಕಕ್ಕೇ ಹಣವು ಸಾಲದು.

ಕಾಫಿಯನ್ನು ಕುಡಿದಾದ ಮೇಲೆ ಆಕೆಯು ಒಂದು ಬಟ್ಟೆಯ ಗಂಟನ್ನು ಬಿಚ್ಚಿ ಮೂರು ಪದಾರ್ಥಗಳನ್ನು ನನ್ನ ಮುಂದೆ ಇಟ್ಟರು. ಒಂದು, ಹನ್ನೊಂದು ಆಟಗಾರರ ರುಜುಗಳಿರುವ ಪುಟ್ಟ ಕ್ರಿಕೆಟ್ ಬ್ಯಾಟು. ಎರಡನೆಯದು, ಬಣ್ಣದ ಹಾಳೆಗಳ ಒಂದು ಆಟೋಗ್ರಾಫ್ ಪುಸ್ತಕ. ಮೂರನೆಯದು, ಮಡಿಕೆ ಬಿದ್ದು ಸುಕ್ಕುಗಟ್ಟಿದ್ದ ಒಂದೇ ಒಂದು ಹಾಳೆ. ಅದನ್ನು ಆಕೆ ಆಗಲೇ ಬಿಡಿಸಿ ತೋರಿಸಲಿಲ್ಲ.

“ಮೇಷ್ಟರೇ, ನಮ್ಮ ಯಜಮಾನರು ಒಂದು ಹೊತ್ತಿನ ಊಟವನ್ನು ಬಿಟ್ಟಾದರೂ ಇವನ್ನು ಕೂಡಿಸಿದರು. ಬೆಂಗಳೂರಿನಿಂದ ಒಬ್ಬರು ಬಂದು ಕೊಳ್ಳುತ್ತೇನೆಂದು ಹೇಳಿಹೋಗಿದ್ದಾರೆ. ಬರಿಯ ಹೆಸರು ಬರೆದ ಕಾಗದಕ್ಕೆ ಹಣವನ್ನು ಯಾತಕ್ಕೆ ಕೊಡುತ್ತಾರೆ? ಇವೆಲ್ಲ ನಿಜವಾದ ರುಜುಗಳೇ ಹೌದೋ? ಹೌದಾದರೆ, ಸತ್ತವರ ಆಸೆಯ ವಸ್ತುವನ್ನು ಮಾರಬಹುದೋ?” ಎಂದು ಆಕೆ ಕೇಳಿದರು.

ನೋಡಿರಿ, ನ್ಯಾಯಶಾಸ್ತ್ರವನ್ನು ಓದದ ಗೃಹಿಣಿಯು ಪ್ರಶ್ನೆಯನ್ನು ಎಷ್ಟು ಕ್ರಮವಾಗಿ ವಿಂಗಡಿಸಿದರು! ಬೆಲೆಯು ಯಾತರಿಂದ, ಪ್ರಾಮಾಣ್ಯವು ಯಾತರಿಂದ, ಮಾರುವ ಅಧಿಕಾರವು ಯಾರಿಗೆ, ಎಂಬ ಈ ಮೂರು ಪ್ರಶ್ನೆಗಳಿಗೆ ನನಗೆ ಆ ದಿನ ಉತ್ತರವು ತಿಳಿಯದು. ಒಂದು ವಾರದ ಅವಕಾಶವನ್ನು ಬೇಡಿ, ನೆರೆಮನೆಯಲ್ಲಿರುವ ನಿವೃತ್ತ ಬ್ಯಾಂಕ್ ಅಧಿಕಾರಿಗಳನ್ನು ಆಶ್ರಯಿಸಿದೆನು. ಅವರು ಬಾಲ್ಯದಿಂದ ಅಂಚೆಚೀಟಿ, ನಾಣ್ಯ, ಹಸ್ತಾಕ್ಷರ ಇವನ್ನು ಸಂಗ್ರಹಿಸಿದವರು, ಕ್ರಿಕೆಟ್ಟಿನಲ್ಲಿ ಪಂಡಿತರು. ಅವರಿಂದ ಕೇಳಿ ತಿಳಿದುದನ್ನೂ, ನಾನು ಓದಿ ಯೋಚಿಸಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಅನೇಕ ಮನೆಗಳಲ್ಲಿ ಮಕ್ಕಳು ಇಂಥ ಪುಸ್ತಕಗಳನ್ನು ಇಟ್ಟುಕೊಂಡಿರುವುದರಿಂದ ಇದು ಎಲ್ಲರಿಗೂ ಉಪಯೋಗವಾಗಬಹುದು.

ಮೊದಲನೆಯದಾಗಿ ಬೆಲೆಯ ವಿಚಾರ. ನಮ್ಮ ಸೀಮೆಯವರಿಗೆ ಹಸ್ತಾಕ್ಷರವು ಹೊಸದೇನೂ ಅಲ್ಲ. ಚನ್ನರಾಯಪಟ್ಟಣದ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರು, ಹೊರಗೋಡೆಯ ವಿಗ್ರಹಗಳ ಪೀಠದಲ್ಲಿ ರೂವಾರಿಗಳು ತಮ್ಮ ಹೆಸರನ್ನು ಕೆತ್ತಿರುವುದನ್ನು ಬಲ್ಲರು. ದಕ್ಷಿಣದ ಕಡೆಯ ಕೆಲಸವು ಬೈಚೋಜನದು, ಉತ್ತರದ ಕಡೆಯದು ಮಲ್ಲಿತಮ್ಮನದು. ಇದೇ ಮಲ್ಲಿತಮ್ಮನ ಹೆಸರು ಅರಸೀಕೆರೆಯ ತಾಲ್ಲೂಕಿನ ಜಾವಗಲ್ಲಿನ ದೇವಾಲಯದಲ್ಲಿಯೂ ಉಂಟು. ಶಿಲ್ಪಿಯು ತಾನು ಮಾಡಿದ ವಸ್ತುವಿನ ಮೇಲೆಯೇ ತನ್ನ ಹೆಸರನ್ನು ಬರೆಯುತ್ತಾನೆ. ಎಂಟು ಶತಮಾನಗಳ ತರುವಾಯವೂ ಕೆಲಸವು ಕಣ್ಣೆದುರಿಗೆ ಇದೆ. ಹೆಸರು ಅದರ ಕೆಳಗೆ ಇದೆ. ಸಾಕ್ಷಿಯನ್ನು ಬೇರೆ ಕಡೆ ಹುಡುಕಬೇಕಾದುದಿಲ್ಲ.

ಆಟಗಾರನ ಸ್ಥಿತಿಯಾದರೋ ಹೀಗಲ್ಲ. ಅವನ ಕೆಲಸವು ಮಾಡಿದ ಕ್ಷಣದಲ್ಲಿಯೇ ಮುಗಿದುಹೋಗುವುದು. ಮೈಸೂರಿನ ಬಿ. ಎಸ್. ಚಂದ್ರಶೇಖರರು ಬಾಲ್ಯದಲ್ಲಿ ಪೋಲಿಯೋ ಬಡಿದು ಸೊರಗಿದ ಬಲಗೈಯಿಂದಲೇ ಚೆಂಡನ್ನು ಎಸೆದು, 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ಮಂದಿಯನ್ನು ಔಟು ಮಾಡಿದರು. ಭಾರತಕ್ಕೆ ಇಂಗ್ಲೆಂಡಿನ ನೆಲದಲ್ಲಿ ಮೊದಲನೆಯ ಟೆಸ್ಟ್ ವಿಜಯವು ದೊರೆತುದು ಆಗಲೇ. ಆ ಚೆಂಡುಗಳು ಗಾಳಿಯಲ್ಲಿ ಬಂದ ದಾರಿಯನ್ನು ಈಗ ಯಾವ ಕಲ್ಲಿನಲ್ಲಿ ನೋಡೋಣ? ಆಟವು ಹೋಯಿತು, ಆ ದಿನವು ಹೋಯಿತು. ಉಳಿದದ್ದು ಲೆಕ್ಕದ ಪುಸ್ತಕದ ಅಂಕಿಗಳು ಮತ್ತು ಆ ಮನುಷ್ಯನ ಕೈಯಿಂದ ಎಲ್ಲಿಯೋ ಮೂಡಿದ ನಾಲ್ಕು ಅಕ್ಷರಗಳು. ಜನರು ಹಣ ಕೊಡುವುದು ಮಸಿಗಲ್ಲ. ‘ಆ ಕಾರ್ಯವನ್ನು ಮಾಡಿದವನು ಈ ಕಾಗದವನ್ನು ಮುಟ್ಟಿದನು’ ಎಂಬ ಭರವಸೆಗೆ. ಈ ಒಂದು ಮಾತನ್ನು ಹಿಡಿದುಕೊಂಡರೆ ಮಿಕ್ಕುದೆಲ್ಲವೂ ಇದರಿಂದಲೇ ತಿಳಿಯುವುದು.

ಆದುದರಿಂದ ಮೊದಲು ಕಾರ್ಯವು ದೊಡ್ಡದಾಗಿರಬೇಕು. 1999ನೆಯ ಇಸವಿ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತು ವಿಕೆಟ್ಟುಗಳನ್ನೂ ತಾವೊಬ್ಬರೇ ಪಡೆದರು. ಕೊಟ್ಟ ಓಟಗಳು 74. ಅದಕ್ಕೆ ಮುಂಚೆ ಇಂಥ ಕೆಲಸವನ್ನು ಟೆಸ್ಟ್ ಪಂದ್ಯದಲ್ಲಿ ಮಾಡಿದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. ಆ ದಿನದ ಸ್ಕೋರು ಹಾಳೆಯ ಮೇಲೆ ಕುಂಬ್ಳೆಯವರ ರುಜುವಿದ್ದರೆ ಸಂಗ್ರಾಹಕರಿಗೆ ಅದು ಬರಿಯ ಕಾಗದದ ಮೇಲಿನ ರುಜುವಿಗಿಂತ ಬಹಳ ಮೇಲು. ಹೆಸರು ಅದೇ, ಕೈ ಅದೇ; ಆದರೆ ಕಾರ್ಯವೂ ಹೆಸರೂ ಒಂದೇ ಹಾಳೆಯಲ್ಲಿ ಕೂಡಿದುವು. ಮಲ್ಲಿತಮ್ಮನ ಪೀಠಕ್ಕೆ ಅದು ಅಷ್ಟರ ಮಟ್ಟಿಗೆ ಸಮೀಪವಾಯಿತು.

ಇಲ್ಲಿ ನಮ್ಮ ಜಿಲ್ಲೆಯವರು ಮರೆಯಕೂಡದ ಒಂದು ಸಂಗತಿಯುಂಟು. ಕುಂಬ್ಳೆಯವರಿಗೆ ಒಂಬತ್ತು ವಿಕೆಟ್ಟುಗಳಾಗಿ ಹತ್ತನೆಯದೊಂದು ಮಾತ್ರ ಉಳಿದಿದ್ದಾಗ, ಎದುರು ತುದಿಯಿಂದ ಚೆಂಡನ್ನು ಎಸೆಯುತ್ತಿದ್ದವರು ಜಾವಗಲ್ ಶ್ರೀನಾಥರು. ಅವರು ಹುಟ್ಟಿದುದು ಮೈಸೂರಿನಲ್ಲಿ, 1969ರಲ್ಲಿ. ಹೆಸರಿನ ಮುಂದೆ ಹೊತ್ತಿರುವುದು ಮಲ್ಲಿತಮ್ಮನು ಉಳಿಯಾಡಿಸಿದ ಆ ಜಾವಗಲ್ಲನ್ನೇ. 67 ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ಟುಗಳನ್ನು ಪಡೆದ ಬೌಲರು ಆ ಹೊತ್ತಿನಲ್ಲಿ, ಹತ್ತನೆಯ ವಿಕೆಟ್ಟು ತಮಗೆ ಬಿದ್ದೀತೆಂದು, ಚೆಂಡನ್ನು ವಿಕೆಟ್ಟಿನಿಂದ ದೂರ ದೂರಕ್ಕೆ ಎಸೆದರು. ತನಗೆ ಬರಬಹುದಾದುದನ್ನು ಜೊತೆಗಾರನಿಗಾಗಿ ಬಿಟ್ಟುಕೊಟ್ಟ ಕೈ ಅದು. ಆ ದಿನದ ಹಾಳೆಯ ಮೇಲೆ ಇಬ್ಬರ ರುಜುಗಳೂ ಜೊತೆಯಾಗಿದ್ದರೆ ನಾನು ಕುಂಬ್ಳೆಯವರ ಹೆಸರಿಗೆ ತಲೆಬಾಗಿ, ಶ್ರೀನಾಥರ ಹೆಸರಿನ ಮೇಲೆ ಕಣ್ಣನ್ನು ಇನ್ನೊಂದು ಕ್ಷಣ ನಿಲ್ಲಿಸುವೆನು. ಪೇಟೆಯಲ್ಲಿ ಇದಕ್ಕೆ ಬೇರೆ ಬೆಲೆಯುಂಟೋ ಇಲ್ಲವೋ, ಮಕ್ಕಳಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಥೆಯು ಬೇಕೆ?

ಎರಡನೆಯದು ಅಪೂರ್ವತೆ. ಸರ್ ಡೊನಾಲ್ಡ್ ಬ್ರಾಡ್ಮನ್ನರ ಸರಾಸರಿಯು 99.94, ಅವರಿಗೆ ಸಮನಾದ ಬ್ಯಾಟುಗಾರನು ಹುಟ್ಟಲಿಲ್ಲ. ಆದರೂ ಅವರು ತೊಂಬತ್ತೆರಡು ವರ್ಷ ಬದುಕಿ, 2001ರಲ್ಲಿ ತೀರಿಕೊಂಡವರು, ಬಹುಕಾಲ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆದು ರುಜು ಹಾಕಿಕೊಟ್ಟವರಾದುದರಿಂದ, ಅವರ ಸಾಧಾರಣವಾದ ರುಜುವು ದುರ್ಲಭವೆಂದು ಹೇಳುವಂತಿಲ್ಲ. ಇದಕ್ಕೆ ಪ್ರತಿಯಾಗಿ 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಅವರನ್ನು ನೆನೆಯಿರಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನು ಪಡೆದ ಆ ಮಹನೀಯರಿಗೆ, ಅಸ್ಪೃಶ್ಯರೆನಿಸಿಕೊಂಡ ಕುಲದಲ್ಲಿ ಹುಟ್ಟಿದರೆಂಬ ಕಾರಣದಿಂದ, ಪುಣೆಯಲ್ಲಿ ಆಟದ ನಡುವಣ ಚಹವನ್ನು ಹೊರಗೆ ಬೇರೆಯಾಗಿ ಮಣ್ಣಿನ ಬಟ್ಟಲಿನಲ್ಲಿ ಕೊಡುತ್ತಿದ್ದರು. ಬಟ್ಟಲನ್ನೇ ಬೇರೆ ಮಾಡಿದ ಜನರಲ್ಲಿ ಪುಸ್ತಕವನ್ನು ಹಿಡಿದುಕೊಂಡು ಅವರ ಬಳಿಗೆ ಹೋದವರು ಎಷ್ಟು ಮಂದಿ ಇದ್ದಾರು? ಕೆಲವು ಹಸ್ತಾಕ್ಷರಗಳು ಅಪೂರ್ವವಾಗುವುದು ಬರೆದವನ ಜಿಪುಣತನದಿಂದಲ್ಲ, ಕೇಳದವರ ಕುರುಡುತನದಿಂದ.

ಅಪೂರ್ವತೆಯೊಂದೇ ಸಾಲದು, ಬೇಡುವವರೂ ಇರಬೇಕು. ಅರಸೀಕೆರೆಯಲ್ಲಿ 1971ರಲ್ಲಿ ಜನಿಸಿ, 2024ರಲ್ಲಿ ನಮ್ಮನ್ನಗಲಿದ ಡೇವಿಡ್ ಜಾನ್ಸನ್ನರು ಭಾರತದ ಪರವಾಗಿ ಆಡಿದುದು 1996ರಲ್ಲಿ ಎರಡೇ ಟೆಸ್ಟ್ ಪಂದ್ಯಗಳು. ಪಡೆದುದು ಮೂರು ವಿಕೆಟ್ಟುಗಳು. ಟೆಸ್ಟ್ ಪಂದ್ಯದ ಹಾಳೆಯ ಮೇಲೆ ಅವರ ರುಜುವು ಎರಡು ಪಂದ್ಯಗಳಿಗೆ ಮಾತ್ರ ಸಂಬಂಧಪಟ್ಟಿರಬಲ್ಲದು. ಲೋಕದ ಪೇಟೆಯಲ್ಲಿ ಅದನ್ನು ಹುಡುಕುವವರು ಕಡಿಮೆ. ಅರಸೀಕೆರೆಯವನೊಬ್ಬನಿಗೆ ಅದು ಊರಿನ ಹೆಮ್ಮೆ. ಬೆಲೆಯೆಂಬುದು ವಸ್ತುವಿನಲ್ಲಿ ಮಾತ್ರವೇ ಇರುವ ಗುಣವಲ್ಲ. ವಸ್ತುವಿಗೂ ಬಯಸುವವನಿಗೂ ಇರುವ ಸಂಬಂಧವೆಂಬುದು ಇದರಿಂದ ಸ್ಪಷ್ಟವಾಗುವುದು.

ರುಜುವಿಗೆ ಬೆಲೆ ಕಟ್ಟುವುದು ಕೀಳು ಅಭಿರುಚಿಯೆಂದು ಕೆಲವರು ಹೇಳುವರು. ಮಹಾತ್ಮ ಗಾಂಧಿಯವರೇ ತಮ್ಮ ಹಸ್ತಾಕ್ಷರಕ್ಕೆ ಐದು ರೂಪಾಯಿಗಳನ್ನು ಕೇಳಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದುದನ್ನು ಅಂಥವರು ನೆನೆಯತಕ್ಕದ್ದು. ಪ್ರಸಿದ್ಧ ಬ್ಯಾಟುಗಾರರಾದ ವಿಜಯ್ ಮರ್ಚೆಂಟರ ಸಹೋದರಿ ಲಕ್ಷ್ಮಿಯವರು ಒಮ್ಮೆ ತಮ್ಮ ಪುಸ್ತಕವನ್ನು ಅವರ ಮುಂದೆ ಹಿಡಿದರಂತೆ. ಗಾಂಧಿಯವರು ಹಾಳೆಗಳನ್ನು ಮಗುಚುತ್ತ ಹೋಗಿ, 1933-34ರಲ್ಲಿ ಜಾರ್ಡೈನ್ ಎಂಬ ನಾಯಕನೊಡನೆ ಬಂದಿದ್ದ ಇಂಗ್ಲೆಂಡಿನ ತಂಡದ ಹದಿನಾರು ಮಂದಿಯ ರುಜುಗಳಿದ್ದ ಹಾಳೆಯನ್ನು ಕಂಡು, ಅದರ ಕೆಳಗೆ ಹದಿನೇಳನೆಯವರಾಗಿ ತಮ್ಮ ಹೆಸರನ್ನು ಬರೆದರು. ಯಾರ ರಾಜ್ಯದೊಡನೆ ಹೋರಾಡುತ್ತಿದ್ದರೋ ಅವರ ತಂಡದಲ್ಲಿಯೇ ಸೇರಿಕೊಂಡರು! ಹದಿನೇಳು ಹೆಸರುಗಳನ್ನು ಹದಿನೇಳು ಚೀಟಿಗಳಲ್ಲಿ ಬೇರೆ ಬೇರೆಯಾಗಿ ಇಟ್ಟರೆ ಈ ಹಾಸ್ಯವೂ ಇಲ್ಲ, ಈ ಔದಾರ್ಯವೂ ಇಲ್ಲ. ಹೆಸರು ಎಲ್ಲಿದೆ, ಯಾರ ಪಕ್ಕದಲ್ಲಿದೆ ಎಂಬುದರಿಂದಲೂ ಬೆಲೆಯು ಏರುವುದೆಂಬುದಕ್ಕೆ ಇದು ಉದಾಹರಣೆ.

ಇನ್ನು ಪ್ರಾಮಾಣ್ಯದ ವಿಚಾರ. ಬೆಲೆಯಿರುವ ಕಡೆ ಮೋಸವು ಇರದೆ ಹೋಗದು. ನಮ್ಮ ಕವಿಗಳು ಇದನ್ನು ಬಹಳ ಹಿಂದೆಯೇ ಕಂಡಿದ್ದರು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನು ರಾಕ್ಷಸಾಮಾತ್ಯನ ಉಂಗುರವನ್ನು ಸಂಪಾದಿಸಿ, ಆ ಅಮಾತ್ಯನ ಮಿತ್ರನಾದ ಶಕಟದಾಸನ ಕೈಯಿಂದಲೇ ಉಪಾಯವಾಗಿ ಒಂದು ಪತ್ರವನ್ನು ಬರೆಯಿಸಿ, ಉಂಗುರದ ಮುದ್ರೆಯನ್ನೊತ್ತಿಸುವನು. ಕೈಬರಹವು ನಿಜ, ಮುದ್ರೆಯು ನಿಜ. ಪತ್ರವು ಮಾತ್ರ ಸುಳ್ಳು. ಮಲಯಕೇತುವು ಅಕ್ಷರಗಳನ್ನು ಬೇರೆ ಪತ್ರದೊಡನೆ ಹೋಲಿಸಿ ನೋಡಿಯೂ ಮೋಸಹೋದನು. ಸೀತಾದೇವಿಯ ವಿವೇಕವನ್ನು ಇದರ ಪಕ್ಕದಲ್ಲಿ ಇಡಿರಿ. ರಾಮನಾಮಾಂಕಿತವಾದ ಉಂಗುರವನ್ನು ತಂದಿದ್ದ ಹನುಮಂತನನ್ನು ಆಕೆಯು ಮೊದಲು ಶಂಕಿಸಿ, ರಾಮಲಕ್ಷ್ಮಣರ ಲಕ್ಷಣಗಳೇನು, ವಾನರನಾದ ನಿನಗೆ ಅವರ ಸ್ನೇಹವು ಹೇಗಾಯಿತು ಎಂದು ಕೇಳಿ, ತಂದವನ ಮಾತನ್ನು ಪರೀಕ್ಷಿಸಿದ ಮೇಲೆಯೇ ಉಂಗುರವನ್ನು ಕೈಗೆ ತೆಗೆದುಕೊಂಡಳು. ವಸ್ತುವನ್ನು ನೋಡುವುದಕ್ಕೆ ಮುಂಚೆ ಅದು ಬಂದ ದಾರಿಯನ್ನು ವಿಚಾರಿಸತಕ್ಕದ್ದೆಂಬುದು ಇಂದಿನ ಸಂಗ್ರಾಹಕರಿಗೂ ಪ್ರಥಮಸೂತ್ರವಾಗಿದೆ.

ಅಮೆರಿಕದಲ್ಲಿ 1990ರ ದಶಕದ ಕೊನೆಯಲ್ಲಿ ಅಲ್ಲಿನ ಕೇಂದ್ರ ಪೊಲೀಸಿನವರು ಆಟಗಾರರ ಸುಳ್ಳು ರುಜುಗಳನ್ನು ಮಾಡುತ್ತಿದ್ದ ದೊಡ್ಡದೊಂದು ಕೂಟವನ್ನು ಹಿಡಿದರು. ವಶಪಡಿಸಿಕೊಂಡ ಪದಾರ್ಥಗಳಲ್ಲಿ ಮದರ್ ತೆರೇಸಾ ಅವರ ರುಜುವಿರುವ ಬೇಸ್‌ಬಾಲ್ ಚೆಂಡುಗಳೂ ಇದ್ದುವಂತೆ! ಆ ಪುಣ್ಯವತಿಗೂ ಬೇಸ್‌ಬಾಲಿಗೂ ಏನು ನಂಟೆಂದು ಕೊಂಡವನೊಬ್ಬನಾದರೂ ಕೇಳಲಿಲ್ಲವೆ? ಆಸೆಯು ಕಣ್ಣಿಗೆ ಕಟ್ಟಿದ ಬಟ್ಟೆಯಂತೆ.

ನೆರೆಮನೆಯ ಮಿತ್ರರು ಪರೀಕ್ಷೆಯ ಕ್ರಮವನ್ನು ನನಗೆ ತಿಳಿಸಿಕೊಟ್ಟರು. ಭೂತಗನ್ನಡಿಯಿಂದ ನೋಡಿದಾಗ ಅಕ್ಷರವು ಸಣ್ಣ ಸಣ್ಣ ಚುಕ್ಕೆಗಳಿಂದ ಕೂಡಿದ್ದರೆ ಅದು ಅಚ್ಚು. ಕೈಯಿಂದ ಬರೆದುದಾದರೆ ಗೆರೆಯ ಮೇಲೆ ಗೆರೆಯು ಹಾದುಹೋದುದೂ, ಲೇಖನಿಯು ಒತ್ತಿದ ತಗ್ಗೂ, ಮಸಿಯ ಹೆಚ್ಚುಕಡಿಮೆಯೂ ಕಾಣಿಸುವುವು. ಯಾವ ಮನುಷ್ಯನೂ ತನ್ನ ಹೆಸರನ್ನು ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರೆಯಲಾರನು. ಆದುದರಿಂದ ಎರಡು ರುಜುಗಳನ್ನು ಒಂದರ ಮೇಲೊಂದು ಇಟ್ಟಾಗ ಪೂರ್ತಿಯಾಗಿ ಹೊಂದಿಕೊಂಡರೆ ಅವು ಮುದ್ರೆಯಿಂದಲೋ ಯಂತ್ರದಿಂದಲೋ ಆದುವೆಂದು ತಿಳಿಯಬೇಕು. ಸ್ವಂತ ಹೆಸರನ್ನು ಬರೆಯುವವನ ಕೈ ಓಡುವುದು. ನಕಲು ಮಾಡುವವನ ಕೈ ನಿಂತು ನಿಂತು ನಡುಗುವುದು. ಬಾಲ್‌ಪೆನ್ನು ಬಳಕೆಗೆ ಬಂದುದು 1945ರ ಈಚೆಗೆ. 1930ರ ರುಜುವು ಬಾಲ್‌ಪೆನ್ನಿನಲ್ಲಿದ್ದರೆ ಮಾತನ್ನು ಅಲ್ಲಿಗೇ ಮುಗಿಸಬಹುದು. ಜೊತೆಗೆ ಬರುವ ‘ಇದು ನಿಜವಾದುದು’ ಎಂಬ ಪ್ರಮಾಣಪತ್ರವೂ ಒಂದು ಕಾಗದವೇ ಆದಕಾರಣ, ಅದಕ್ಕೆ ರುಜು ಹಾಕಿದವರು ಯಾರೆಂಬುದನ್ನು ಮೊದಲು ನೋಡಬೇಕು.

ಈ ಪರೀಕ್ಷೆಯನ್ನು ನಾವು ಮೊದಲು ಬ್ಯಾಟಿನ ಮೇಲೆ ನಡೆಸಿದೆವು. ಆ ಮನೆಯಲ್ಲಿ ಅದು ಗಾಜಿನ ಬೀರುವಿನಲ್ಲಿದ್ದುದು. ಆಯುಧಪೂಜೆಯ ದಿನ ಅದಕ್ಕೆ ಹೂವು ಏರಿಸುತ್ತಿದ್ದರಂತೆ. ಭೂತಗನ್ನಡಿಯ ಕೆಳಗೆ ಹನ್ನೊಂದು ಹೆಸರುಗಳೂ ಚುಕ್ಕೆಗಳಾಗಿ ಒಡೆದುವು. ಅಂಗಡಿಗಳಲ್ಲಿ ಮಾರುವ ಅಚ್ಚಿನ ಬ್ಯಾಟು ಅದು. ಮಿತ್ರರು ನನ್ನ ಮುಖವನ್ನು ನೋಡಿದರು. ನಾನು ಏನೂ ಹೇಳಲಿಲ್ಲ. ಮನೆಯವರ ಆಸೆಯೆಲ್ಲವೂ ಆ ಬ್ಯಾಟಿನ ಮೇಲೆಯೇ ಇದ್ದಿತು.

ಆಟೋಗ್ರಾಫ್ ಪುಸ್ತಕದ ವಿಷಯವು ಹಾಗಲ್ಲ. ಅದರಲ್ಲಿ ನಲವತ್ತಕ್ಕೆ ಮೇಲ್ಪಟ್ಟು ರುಜುಗಳಿದ್ದುವು; ಎಲ್ಲವೂ ಓಡುವ ಕೈಯವು, ಬೇರೆ ಬೇರೆ ಲೇಖನಿಗಳವು. ಪ್ರತಿಯೊಂದು ಹಾಳೆಯ ಮೂಲೆಯಲ್ಲಿ ನನ್ನ ಶಿಷ್ಯನು ಸಣ್ಣ ಅಕ್ಷರಗಳಲ್ಲಿ ತೇದಿಯನ್ನೂ ಸ್ಥಳವನ್ನೂ ಬರೆದಿಟ್ಟಿದ್ದನು. ಹಿಂಬದಿಯಲ್ಲಿ ಆ ದಿನದ ಪಂದ್ಯದ ಟಿಕೆಟ್ಟಿನ ತುಂಡು. “ಇದಕ್ಕೇ ಬೆಲೆ” ಎಂದರು ಮಿತ್ರರು. “ರುಜುವು ಬಂದ ದಾರಿಯನ್ನು ಈತನು ತಾನೇ ಬರೆದಿಟ್ಟಿದ್ದಾನೆ. ಈ ಶಿಸ್ತನ್ನು ಇವನಿಗೆ ಯಾರು ಕಲಿಸಿದರೋ!” ತೇದಿಯಿಲ್ಲದ ಬರಹವು ತಾಯಿಯಿಲ್ಲದ ಕೂಸೆಂದು ತರಗತಿಯಲ್ಲಿ ದಿನದಿನವೂ ಕೂಗಾಡುತ್ತಿದ್ದವನು ನಾನೇ. ಹೆಮ್ಮೆಯಾಗಬೇಕಾಗಿದ್ದಿತು, ಆದರೆ ಆ ಹೊತ್ತಿಗೆ ನಾನು ಮೂರನೆಯ ಹಾಳೆಯನ್ನು ಬಿಡಿಸಿ ನೋಡಿದ್ದೆನು.

ಅದನ್ನು ಈಗ ಹೇಳಲೇಬೇಕು. ಅದು ಸಂಸ್ಕೃತದ ನೋಟುಪುಸ್ತಕದ ಹಾಳೆ. ಒಂದು ಮಗ್ಗುಲಲ್ಲಿ ರಾಮಶಬ್ದದ ಏಳು ವಿಭಕ್ತಿಗಳೂ ಹುಡುಗನ ದುಂಡು ಅಕ್ಷರದಲ್ಲಿವೆ. ಇನ್ನೊಂದು ಮಗ್ಗುಲಲ್ಲಿ ಕರ್ನಾಟಕದ ಪ್ರಸಿದ್ಧ ಬೌಲರೊಬ್ಬರ ರುಜು. ಅದರ ಮೇಲೆ ‘ಇಂಥವನಿಗೆ ಶುಭಾಶಯಗಳೊಡನೆ’ ಎಂದು ನನ್ನ ಶಿಷ್ಯನ ಹೆಸರು. ಅದರ ಕೆಳಗೆ ಕೆಂಪು ಮಸಿಯ ದಪ್ಪನಾದ ಗೀಟು, ‘ಸಂಸ್ಕೃತದ ಪುಸ್ತಕದಲ್ಲಿ ಸಂಸ್ಕೃತವು ಮಾತ್ರ ಇರತಕ್ಕದ್ದು’ ಎಂಬ ಒಕ್ಕಣೆ, 1994ನೆಯ ಇಸವಿಯ ತೇದಿ, ಮತ್ತು ನನ್ನ ರುಜು. ಬೌಲರು ಯಾರೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಆ ಬಾಗಿಲಿಗೆ ಕೊಳ್ಳುವವರು ಬಂದಾರು.

ನನಗೆ ಎಲ್ಲವೂ ನೆನಪಾಯಿತು. ನಾನು ಹಾಳೆಯನ್ನು ಪುಸ್ತಕದಿಂದ ಹರಿದು, ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿ, ಹುಡುಗನನ್ನು ಗಂಟೆ ಹೊಡೆಯುವ ವರೆಗೆ ಬಾಗಿಲಲ್ಲಿ ನಿಲ್ಲಿಸಿದ್ದೆನು. ಅದೇ ವರ್ಷ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದಾಗ, ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಅಕ್ಷರಗಳನ್ನು ತೋರಿಸಿ, ಇದು ಮಹಾಕವಿ ರನ್ನನ ಹಸ್ತಾಕ್ಷರವೆಂದು ವಿದ್ವಾಂಸರು ಹೇಳುವರು, ಸಾವಿರ ವರ್ಷಗಳ ಹಿಂದೆ ಆತನ ಕೈ ಇಲ್ಲಿ ಆಡಿತು, ನಮಸ್ಕಾರ ಮಾಡಿರಿ ಎಂದು ಹೇಳಿದೆನು. ಎಲ್ಲರೂ ಕೈಮುಗಿದರು. ಇವನೊಬ್ಬನು ಮೆಲ್ಲಗೆ, “ಮೇಷ್ಟ್ರೇ, ಇದೂ ಆಟೋಗ್ರಾಫೇ ಅಲ್ಲವೆ?” ಎಂದು ಕೇಳಿದನು. ಅಧಿಕಪ್ರಸಂಗವೆಂದು ಗದರಿಸಿದೆನು. ಹುಡುಗನು ಕೇಳಿದುದು ನ್ಯಾಯವಾದ ಪ್ರಶ್ನೆಯೆಂದು ತಿಳಿಯುವುದಕ್ಕೆ ನನಗೆ ಮೂವತ್ತು ವರ್ಷಗಳು ಬೇಕಾದುವು.

ವಾರವು ಕಳೆದ ಮೇಲೆ ತಾಯಿ ಮಗಳು ಮತ್ತೆ ಬಂದರು. ಬ್ಯಾಟು ಅಚ್ಚಿನದೆಂಬುದನ್ನು ಮುಚ್ಚಿಡದೆ ಹೇಳಿದೆನು. ಆಕೆಯ ಮುಖವು ಬಾಡಿತು. ಪುಸ್ತಕವು ನಿಜವಾದುದೆಂದೂ, ಬೆಂಗಳೂರಿನವರು ಹೇಳಿದ ಬೆಲೆಗೆ ಒಪ್ಪುವುದಕ್ಕೆ ಮುಂಚೆ ಇನ್ನಿಬ್ಬರನ್ನು ಕೇಳತಕ್ಕದ್ದೆಂದೂ ಹೇಳಿದೆನು. ಕೊನೆಗೆ ಆ ಹಾಳೆಯ ಮಾತನ್ನು ಎತ್ತಿದೆನು.

“ಅದನ್ನು ಅವರು ಬೇಡವೆಂದರು ಮೇಷ್ಟರೇ. ಯಜಮಾನರ ಹೆಸರು ಬರೆದಿದೆ, ಕೆಂಪು ಮಸಿ ಬಿದ್ದಿದೆ, ಮಡಿಕೆಯಾಗಿದೆ, ಇದಕ್ಕೆ ಬೆಲೆಯಿಲ್ಲ ಎಂದುಬಿಟ್ಟರು” ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮರುದಿನ ನಿಮ್ಮ ಪರೀಕ್ಷೆಯಿದ್ದಿತಂತೆ. ಸೋದರಮಾವನೊಡನೆ ಬೆಂಗಳೂರಿಗೆ ಹೋಗುವಾಗ ಬಸ್ಸಿನಲ್ಲಿ ಓದಿಕೊಳ್ಳಲೆಂದು ನಿಮ್ಮ ಪಾಠದ ಪುಸ್ತಕವನ್ನೇ ಒಯ್ದಿದ್ದರಂತೆ. ಕೈಯಲ್ಲಿ ಬೇರೆ ಕಾಗದವಿರಲಿಲ್ಲ. ಇದನ್ನು ಹೇಳಿ ಹೇಳಿ ನಗುತ್ತಿದ್ದರು” ಎಂದರು.

ವಾಚಕರೇ, ಹುಡುಗನು ಓದುವುದಕ್ಕೆಂದೇ ಪುಸ್ತಕವನ್ನು ಒಯ್ದಿದ್ದನು. ನಾನು ಕೇಳಲಿಲ್ಲ, ಕೇಳದೆಯೇ ಹರಿದೆನು. ಅವನು ಕಸದ ಬುಟ್ಟಿಯಿಂದ ಅದನ್ನು ಆಯ್ದು, ನೇರ್ಪಡಿಸಿ, ಇಪ್ಪತ್ತೆಂಟು ವರ್ಷ ಇಟ್ಟುಕೊಂಡು, ನನ್ನ ಮೇಲೆ ಹಗೆಯಿ‌ಲ್ಲದೆ ನಕ್ಕನು. ಅವನೊಡನೆ ಕ್ಷಮೆಯನ್ನು ಕೇಳುವ ಕಾಲವು ಮೀರಿಹೋಗಿದೆ. ಆದಕಾರಣ ಅವನ ಮಗಳೊಡನೆ ಕೇಳಿದೆನು. ಆ ಮಗುವು ಗಾಬರಿಯಾಗಿ, “ತಾತ, ಹಾಗೆನ್ನಬೇಡಿ” ಎಂದು ಎದ್ದು ನಿಂತಿತು.

ಕೊಳ್ಳುವವರು ಹೇಳಿದುದು ಸುಳ್ಳಲ್ಲ. ಸಂಗ್ರಾಹಕರ ಪೇಟೆಯಲ್ಲಿ, ಅಪ್ರಸಿದ್ಧನಾದ ಒಬ್ಬನ ಹೆಸರನ್ನು ಸೇರಿಸಿ ಬರೆದ ರುಜುವಿಗೆ ಸಾಮಾನ್ಯವಾಗಿ ಬೆಲೆಯು ಕಡಿಮೆ. ಇನ್ನೊಬ್ಬರ ಹೆಸರಿರುವ ವಸ್ತುವನ್ನು ತನ್ನದೆಂದು ಗೋಡೆಗೆ ತೂಗುಹಾಕುವುದು ಹೇಗೆ? ಆದರೆ ಬರಿಯ ಹೆಸರನ್ನು ನಕಲು ಮಾಡುವುದು ಸುಲಭ, ಒಂದು ಪೂರ್ತಿ ವಾಕ್ಯವನ್ನು ಅದೇ ಕೈಯಲ್ಲಿ ನಕಲು ಮಾಡುವುದು ಕಷ್ಟ. ಆದುದರಿಂದ ಪ್ರಾಮಾಣ್ಯಕ್ಕೆ ಅದೇ ಬಲವಾದ ಸಾಕ್ಷಿ. ನನ್ನ ಕೆಂಪು ಮಸಿಯ ವಿಷಯದಲ್ಲಿ ಮಿತ್ರರು ನಗುತ್ತ, “ಆ ರುಜುವು ಆ ತೇದಿಗೆ ಹಿಂದಿನದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಾಳುಮಾಡಿದ ಕೈಯೇ ಕಾಪಾಡಿದೆ” ಎಂದರು. ಅವರು ಸಮಾಧಾನಕ್ಕೆ ಹೇಳಿದ ಮಾತು, ತಪ್ಪು ತಪ್ಪೇ.

ಮಾರಬಹುದೋ ಎಂಬ ಮೂರನೆಯ ಪ್ರಶ್ನೆಗೆ ನನಗೆ ತೋರಿದ ಉತ್ತರವು ಇದು: ಕೂಡಿಸಿದುದನ್ನು ಮಾರಬಹುದು, ಕೊಟ್ಟುದನ್ನು ಮಾರಬಾರದು. ಪುಸ್ತಕದ ರುಜುಗಳು ಯಾರು ಚಾಚಿದರೂ ದೊರೆಯುತ್ತಿದ್ದುವು. ತಂದೆಯ ಶ್ರಮದಿಂದ ಕೂಡಿದ ಆ ಧನವು ಮಗಳ ವಿದ್ಯೆಗೆ ಸಲ್ಲುವುದಕ್ಕಿಂತ ಒಳ್ಳೆಯ ವಿನಿಯೋಗವಿಲ್ಲ. ಆ ಹಾಳೆಯಾದರೋ, ಒಬ್ಬ ದೊಡ್ಡ ಆಟಗಾರನು ಅರಕಲಗೂಡಿನ ಒಬ್ಬ ಹುಡುಗನ ಹೆಸರನ್ನು ಕೇಳಿ ತಿಳಿದುಕೊಂಡು ಅವನಿಗೆಂದೇ ಬರೆದುಕೊಟ್ಟುದು. ನ್ಯೂಜಿಲೆಂಡಿನ ಪರವಾಗಿ ಆಡಿದ ಅಜಾಜ್ ಪಟೇಲರು 2021ರಲ್ಲಿ, ತಾವು ಹುಟ್ಟಿದ ಮುಂಬಯಿಯಲ್ಲಿಯೇ, ಭಾರತದ ಹತ್ತು ವಿಕೆಟ್ಟುಗಳನ್ನೂ ಪಡೆದರು. ಆಗ ಭಾರತದ ಆಟಗಾರರೆಲ್ಲರೂ ಒಂದು ಅಂಗಿಯ ಮೇಲೆ ರುಜು ಹಾಕಿ, ಅಶ್ವಿನರ ಕೈಯಿಂದ ಅವರಿಗೆ ಕೊಡಿಸಿದರು. ಅಂಥ ವಸ್ತುವು ಮಾನಪತ್ರ. ಮನೆಯ ಮಾನಪತ್ರಕ್ಕೆ ಮನೆಯೇ ಸ್ಥಳ.

ಪುಸ್ತಕವನ್ನು ಮೂರನೆಯವರೊಬ್ಬರು, ಮೊದಲು ಬಂದವರಿಗಿಂತ ಹೆಚ್ಚಿನ ಬೆಲೆಗೆ ಕೊಂಡರು. ಒಂದು ವರ್ಷದ ಶುಲ್ಕಕ್ಕೆ ಸಾಕಾಯಿತು. ಮಿಕ್ಕ ವರ್ಷಗಳಿಗೆ ದಾರಿಯನ್ನು ನೋಡಬೇಕು. ಹಾಳೆಯು ಮಗಳ ಬಳಿಯಲ್ಲಿದೆ. ಅದರ ಜೊತೆಯಲ್ಲಿಡಲೆಂದು, ನಾನು ಆ ದಿನ ಮಾಡಿದುದನ್ನು ಉಳಿಸದೆ ಬರೆದು, ತೇದಿಯನ್ನು ಹಾಕಿ, ರುಜು ಮಾಡಿಕೊಟ್ಟೆನು. ಬ್ಯಾಟು ಗಾಜಿನ ಬೀರುವಿಗೇ ಮರಳಿತು. “ಅವರು ಅದಕ್ಕೆ ಹೂವು ಏರಿಸಿದ್ದರಲ್ಲ, ಅಷ್ಟು ಸಾಕು” ಎಂದರು ಆ ತಾಯಿ.

ಮುಗಿಸುವುದಕ್ಕೆ ಮುಂಚೆ ಗೃಹಿಣಿಯರಿಗೆ ನಾಲ್ಕು ಮಾತುಗಳು. ಮಕ್ಕಳು ಯಾರ ರುಜುವನ್ನಾದರೂ ತಂದರೆ, ಎಲ್ಲಿ, ಎಂದು, ಹೇಗೆ ದೊರೆಯಿತೆಂಬುದನ್ನು ಅದೇ ರಾತ್ರಿ ಬೇರೊಂದು ಕಾಗದದಲ್ಲಿ ಬರೆಯಿಸಿ ಜೊತೆಯಲ್ಲಿಡಿರಿ. ರುಜುವಿರುವ ಹಾಳೆಯನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿರಿ, ಮಸಿಯು ಮಾಸುವುದು. ಹರಿದ ಕಡೆ ಅಂಟುಪಟ್ಟಿಯನ್ನು ಅಂಟಿಸಬಾರದು, ಬಿಸಿಮಾಡಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸುವ ಲ್ಯಾಮಿನೇಷನ್ನೂ ಕೂಡದು. ಒಮ್ಮೆ ಅಂಟಿದುದನ್ನು ಕಾಗದಕ್ಕೆ ಕೇಡಿಲ್ಲದಂತೆ ಬಿಡಿಸುವುದು ದುಸ್ಸಾಧ್ಯ. ಮಾಸಿದ ಅಕ್ಷರಗಳ ಮೇಲೆ ಹೊಸ ಮಸಿಯಿಂದ ತಿದ್ದುವುದಂತೂ ಸರ್ವಥಾ ಕೂಡದು. ತಿದ್ದಿದ ಕ್ಷಣದಿಂದ ಅದು ನಿಮ್ಮ ಬರಹವಾಯಿತು, ಅವರದಲ್ಲ. ಅರಕಲಗೂಡಿನ ಕಡೆಯ ಮಳೆಗಾಲದಲ್ಲಿ ಕಾಗದವು ತೇವವನ್ನು ಹೀರಿ ಬೂಷ್ಟು ಹಿಡಿಯುವುದು ಸಹಜವಾದುದರಿಂದ, ಗೋಡೆಗೆ ತಾಕದ ಒಣಗಿದ ಪೆಟ್ಟಿಗೆಯಲ್ಲಿಟ್ಟು, ಮಳೆಗಾಲವು ಕಳೆದ ಮೇಲೆ ಒಮ್ಮೆ ನೆರಳಿನಲ್ಲಿ ಗಾಳಿಯಾಡಿಸಿರಿ.

ಉಪಾಧ್ಯಾಯ ಮಿತ್ರರಿಗೆ ಒಂದೇ ಮಾತು. ಪಾಠದ ಪುಸ್ತಕದಲ್ಲಿ ಬೇರೆ ಯಾವುದೋ ಬರಹವನ್ನು ಕಂಡರೆ, ಕೆಂಪು ಲೇಖನಿಯನ್ನು ಎತ್ತುವುದಕ್ಕೆ ಮೊದಲು, ಇದು ಇಲ್ಲಿಗೆ ಹೇಗೆ ಬಂದಿತು ಮಗು ಎಂದು ಕೇಳಿರಿ.

ಮುಂದಿನ ತಿಂಗಳು ಕ್ರಯಪತ್ರಗಳ ವಿಚಾರ.